ಸಹಿ ಒಬ್ಬನದು, ವೈರಿಂಗ್ ಇನ್ನೊಬ್ಬನದು

ಮೂರು ದಿನದಿಂದ ಮೈಯೆಲ್ಲ ಉರಿಯುತ್ತಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ನಿದ್ದೆ ಬರುವುದಿಲ್ಲ.

ದಾವಣಗೆರೆಯಲ್ಲಿ ಮನೆ ಕಟ್ಟಿ ನಮಗೆ ಎರಡು ವರ್ಷ. ಭಾನುವಾರ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದವರು "ನಲ್ಲಿ ಮುಟ್ಟಿದ್ರೆ ಜುಮ್ ಅಂತೈತೆ ನೋಡು" ಎಂದು ಕೂಗಿದರು. ಓಡಿ ಹೋಗಿ ಮೇನ್ ಆಫ್ ಮಾಡಿದೆ. ಅವರಿಗೆ 74 ವರ್ಷ. ಒದ್ದೆ ನೆಲ, ಬರಿಗಾಲು. ಈಗ ನೆನೆದರೂ ಕೈ ನಡುಗುತ್ತದೆ.

ಬೇರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಗೀಸರ್ ಪಾಯಿಂಟಿನ ಬೋರ್ಡ್ ಬಿಚ್ಚಿದರು, ನಾನು ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗಿನ ಹಸಿರು ವೈರ್ ಇತ್ತು. ಆದರೆ ಯಾವುದಕ್ಕೂ ಸೇರಿಸಿರಲಿಲ್ಲ. ತುದಿಯನ್ನು ಸುಲಿಯುವ ಗೋಜಿಗೂ ಹೋಗದೆ, ಮಡಚಿ ಬಾಕ್ಸಿನೊಳಗೆ ತುರುಕಿದ್ದರು. ಅಂದರೆ ಅರ್ಥಿಂಗ್ ಇದೆ ಅಂತ ತೋರಿಸಲು ಒಂದು ಹಸಿರು ದಾರ, ಅಷ್ಟೇ! ಗೀಸರಿಗೆ ಸಾಮಾನ್ಯವಾಗಿ 4 ಚದರ ಮಿಲಿಮೀಟರ್ ವೈರ್ ಹಾಕುತ್ತಾರೆ. ಹಾಕಿದ್ದು ಲೈಟಿಗೆ ಎಳೆಯುವ ಒಂದೂವರೆ. ಅದರ ಮೇಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಯಿತು. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ, ಕರೆಂಟ್ ಅದರ ಮೂಲಕ ಹಾಯದಂತೆ ಮಾಡಿದ್ದರು. 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿದು ಜೀವ ಉಳಿಸಲಿ ಅಂತ ಇರುವ ಸ್ವಿಚ್ ಅದು. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಹಿಂದೆ ನಾನೇ ಹೇಳಿದ್ದೆ. ಮನೆಗೆ ವೈರಿಂಗ್ ಮಾಡಿದ್ದ ಹುಡುಗ ಬಂದು "ಸರಿ ಮಾಡಿದೀನಿ ಅಕ್ಕ" ಅಂದು ಹೋಗಿದ್ದ. ಸರಿ ಮಾಡಿದ್ದು ಹೀಗೆ.

ಅವತ್ತೇ ಮನೆಯ ಫೈಲ್ ತೆಗೆದೆ. ಕರೆಂಟ್ ಕನೆಕ್ಷನ್ನಿಗೆ ಕೊಟ್ಟ ಕಂಪ್ಲೀಷನ್ ರಿಪೋರ್ಟಿನಲ್ಲಿ ಯಾರದೋ ಹೆಸರು, ಯಾರದೋ ಸೀಲು. ಆ ಮನುಷ್ಯನ ಮುಖವನ್ನೇ ನಾವು ನೋಡಿಲ್ಲ. ಫೋನ್ ಮಾಡಿದೆ. "ನಾನು ಸೈನ್ ಮಾಡಿ ಕೊಟ್ಟಿದ್ದೆ ಮೇಡಂ, ಕೆಲಸ ನಂದಲ್ಲ" ಅಂದರು. ಎಷ್ಟು ಸಲೀಸಾಗಿ! ಮನೆಯೊಳಗೆ ಕಾಲಿಡದೆ, ಒಂದು ವೈರ್ ಮುಟ್ಟಿ ನೋಡದೆ, ದುಡ್ಡು ಇಸ್ಕೊಂಡು "ಎಲ್ಲ ಸರಿಯಿದೆ" ಅಂತ ಬರೆದುಕೊಟ್ಟಿದ್ದಾರೆ. ನಮ್ಮ ಮನೆಯವರ ಪ್ರಾಣ ಇವರಿಗೆ ಒಂದು ಸಹಿ.

ವೈರಿಂಗ್ ಮಾಡಿದವನಿಗೆ ಲೈಸೆನ್ಸ್ ಇಲ್ಲ, ವೈರ್‌ಮನ್ ಪರ್ಮಿಟ್ ಕೂಡ ಇಲ್ಲ. ಅಡ್ವಾನ್ಸ್ ತಗೊಳ್ಳುವಾಗ ಮಾತ್ರ "ಎಲ್ಲ ನಮ್ದೇ ಇದೆ" ಅಂದಿದ್ದ. ತೋರಿಸಪ್ಪ ಅಂತ ಕೇಳಬೇಕು ಅನ್ನಿಸಿತ್ತು. "ಮೇಸ್ತ್ರಿ ಕರ್ಕೊಂಡು ಬಂದ ಹುಡುಗ, ಅನುಮಾನ ಪಟ್ಟ ಹಾಗಾಗುತ್ತೆ, ಸುಮ್ನಿರು" ಅಂತ ಮನೆಯಲ್ಲೇ ಬಾಯಿ ಮುಚ್ಚಿಸಿದರು. ಟೈಲ್ಸಿಗೆ ಐದು ಅಂಗಡಿ ಸುತ್ತಿದೆವು. ಇದಕ್ಕೆ ಒಂದು ಕಾಗದ ಕೇಳಲು ನಾಚಿಕೆ!

ಇದೇನು ಹೊಸ ನಿಯಮವಲ್ಲ. ಬಲ್ಬು, ಫ್ಯಾನು, ಫ್ಯೂಸು ಬದಲಾಯಿಸುವಂಥ ಚಿಕ್ಕ ಕೆಲಸ ಬಿಟ್ಟರೆ ವೈರಿಂಗನ್ನು ಲೈಸೆನ್ಸ್ ಇರುವ ಗುತ್ತಿಗೆದಾರರೇ ಮಾಡಿಸಬೇಕು ಅಂತ 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ನಮ್ಮ ರಾಜ್ಯದಲ್ಲಿ ಲೈಸೆನ್ಸ್ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಕೈಯಲ್ಲಿ ಕೆಲಸ ಮಾಡುವವನಿಗೆ ಪರ್ಮಿಟ್ ಇರಬೇಕು, ಮೇಲೆ ನಿಂತು ನೋಡುವ ಸೂಪರ್‌ವೈಸರಿಗೂ ಬೇರೆ ಸರ್ಟಿಫಿಕೇಟ್ ಇರಬೇಕು. ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಅಡ್ವಾನ್ಸ್ ಕೊಡುವ ಮೊದಲೇ ಲೈಸೆನ್ಸ್ ಕೇಳಿ. ಅದರ ಮೇಲಿನ ಹೆಸರು ನಿಮ್ಮೆದುರು ನಿಂತವನದೇನಾ, ಅವಧಿ ಮುಗಿದಿದೆಯಾ ನೋಡಿ. ಹಿಂದೆ ಮಾಡಿದ ಎರಡು ಮೂರು ಮನೆಗಳಿಗೆ ಹೋಗಿ ಅವರ ರಿಪೋರ್ಟಿನಲ್ಲಿ ಯಾರ ಸಹಿ ಇದೆ ಅಂತ ಕೇಳಿ. ನಾನು ಇಷ್ಟು ಮಾಡಿದ್ದರೆ ಮೊದಲ ಮನೆಯಲ್ಲೇ ಗೊತ್ತಾಗುತ್ತಿತ್ತು. ನಮ್ಮ ಹಿಂದಿನ ಬೀದಿಯ ಮನೆಯ ರಿಪೋರ್ಟಿನಲ್ಲೂ ಅದೇ ಕಾಣದ ಮನುಷ್ಯನ ಸೀಲು.

ಈಗ ಮನೆಯೆಲ್ಲ ಹೊಸದಾಗಿ ವೈರ್ ಎಳೆಸಬೇಕು. ದೂರು ಬರೆದಿದ್ದೇನೆ, ನಾಳೆ ಖುದ್ದಾಗಿ ಹೋಗಿ ಕೊಡುತ್ತೇನೆ. ಅತ್ತೆ ಇನ್ನೂ ಬಚ್ಚಲಿಗೆ ಹೋಗಲು ಹೆದರುತ್ತಾರೆ, ಒಲೆಯ ಮೇಲೆ ನೀರು ಕಾಯಿಸಿ ಕೊಡುತ್ತಿದ್ದೇನೆ.

ನಮ್ಮಿಂದ ಎರಡು ಮನೆ ಆಚೆ ಹೊಸ ಮನೆ ಏಳುತ್ತಿದೆ. ಅಲ್ಲಿ ವೈರಿಂಗ್ ಮಾಡುತ್ತಿರುವುದು ಅವನೇ. ನಿನ್ನೆ ಹೋಗಿ ಆ ಮನೆಯ ಯಜಮಾನರಿಗೆ ಎಲ್ಲ ಹೇಳಿದೆ, ಸುಟ್ಟ ವೈರಿನ ತುಂಡನ್ನೂ ತೋರಿಸಿದೆ. "ಮೇಸ್ತ್ರಿಗೆ ಕೇಳ್ತೀನಮ್ಮ" ಅಂದರು. ಇವತ್ತು ಬೆಳಿಗ್ಗೆ ಆ ಮನೆಯಿಂದ ಗೋಡೆ ಕೊರೆಯುವ ಸದ್ದು ಬರುತ್ತಲೇ ಇತ್ತು.