ಕಾಫಿ ಸೀಮೆಯಲ್ಲಿ ಟೀ ಪಾರ್ಟಿ

ಚರ್ಚ್ ಹಾಲ್‌ನಲ್ಲಿ ಟೀ ಪಾರ್ಟಿ ಇಟ್ಟುಕೊಂಡಿದ್ದೇವೆ ಎಂದಾಗ ನಮ್ಮ ಯಜಮಾನರು ಪೇಪರ್‌ನಿಂದ ತಲೆ ಎತ್ತಿದರು. "ಕೊಡಗಿನಲ್ಲಿ ಟೀ ಪಾರ್ಟಿಯಾ? ಮಂಡ್ಯದಲ್ಲಿ ಸ್ಯಾಕರಿನ್ ಹಂಚಿದ ಹಾಗೆ!"

"ಹುಡಿಕೇರಿ ಕಡೆ ಟೀ ತೋಟ ಇಲ್ವಾ?" ಎಂದೆ.

"ಇದೆ. ಅದರ ಪಕ್ಕದ ಮನೆಯವರೂ ಬೆಲ್ಲದ ಕಾಫೀನೇ ಕುಡಿಯೋದು."

ಪಾರ್ಟಿ ಹೆಂಗಸರಿಗೆ, ಹೆಣ್ಣುಮಕ್ಕಳಿಗೆ. ಚರ್ಚಿನವರಿಗೆ ಮಾತ್ರ ಅಲ್ಲ, ಊರಿನ ಎಲ್ಲರಿಗೂ. ತೋಟದ ಕೆಲಸಗಾರರ ಲೈನ್‌ಮನೆಯ ಅಕ್ಕಂದಿರು, ಕೊಡವ ಆಂಟಿಯರು, ಪಕ್ಕದ ಮನೆಯ ಮುಸ್ಲಿಂ ಉಮ್ಮ, ವೀಲ್‌ಚೇರ್‌ನಲ್ಲಿರುವ ಅಜ್ಜಿ, ಎಲ್ಲರನ್ನೂ ಕರೆದಿದ್ದೆವು. "ಅಷ್ಟು ಜನಕ್ಕೆ ಚೇರು ಸಾಲುತ್ತಾ?" ಎಂದು ಒಬ್ಬರು ಮೆಲ್ಲಗೆ ರಾಗ ತೆಗೆದರು. ಸಿಸ್ಟರ್ ಬಿಡಲಿಲ್ಲ. "1792ರಲ್ಲಿ ಜೀವ ಉಳಿಸಿಕೊಂಡು ಬಂದ ನಮ್ಮವರಿಗೆ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟ. ಸಂತ ಅನ್ನಮ್ಮನ ಚರ್ಚ್ ಆಗಿದ್ದು ಹಾಗೆ. ಲಿಂಗಾಯತ ರಾಜ ಜಾಗ ಕೊಟ್ಟ, ನಮಗೆ ಚೇರು ಕೊಡೋಕಾಗಲ್ವಾ?" ಚೇರು ಬಂತು.

ಅಜ್ಜಿಗೆಂದು ಮೆಟ್ಟಿಲ ಮೇಲೆ ಎರಡು ಹಲಗೆ ಹಾಸಿದ್ದೆ. ಜುಲೈ ಮಳೆ ಅದನ್ನು ಜಾರುಬಂಡೆ ಮಾಡಿತ್ತು. ನಾಲ್ಕು ಹುಡುಗಿಯರು ಅರ್ಧ ದೂರ ತಳ್ಳಿದರು, ಅಜ್ಜಿ ಅಷ್ಟೂ ದೂರ ವಾಪಸ್ ಬಂದರು. ನನ್ನ ಎದೆ ಬಾಯಿಗೆ ಬಂದಿತ್ತು. ಅಜ್ಜಿ ಮಾತ್ರ ಸೆರಗು ಸರಿ ಮಾಡಿಕೊಂಡು, "ಇನ್ನೊಂದು ಸಲ ಬಿಡ್ರೇ" ಎಂದರು.

ಒಳಗೆ ಹನ್ನೆರಡು ಲೀಟರ್ ಹಾಲು ಒಲೆಯ ಮೇಲಿತ್ತು. ಕುದಿ ಬರುವ ಹೊತ್ತಿಗೆ ಪೂರ್ತಿ ಒಡೆಯಿತು. ಪಾತ್ರೆ ನೋಡಿದ ಕೊಡವ ಆಂಟಿ ಗಲ್ಲಕ್ಕೆ ಕೈಯಿಟ್ಟರು. "ಅಯ್ಯೋ, ಇದು ಹೋದ ವಾರ ನಮ್ಮನೆ ಮದುವೆಯಲ್ಲಿ ಪಂದಿಕರಿ ಮಾಡಿದ್ದಲ್ವಾ!" ಹಂದಿ ಮಾಂಸದ ಆ ಸಾರಿಗೆ ಹಾಕುವ ಕಾಚಂಪುಳಿಯ ಹುಳಿ ಎಲ್ಲೋ ಅಂಟಿಕೊಂಡಿತ್ತೋ ಏನೋ. ನಾನು ಉಮ್ಮನ ಮುಖ ನೋಡಿದೆ. ಉಮ್ಮ ಪಾತ್ರೆ ನೋಡಿದರು. ಎಲ್ಲರನ್ನೂ ಕರೆಯೋದು ಸುಲಭ, ಯಾವ ಪಾತ್ರೆಯಲ್ಲಿ ಎಂದು ಯೋಚಿಸಿದವರು ಯಾರು? ಹಾಲು ಒಡೆಯದೇ ಇದ್ದಿದ್ದರೆ ಅದನ್ನೇ ನಗುನಗುತ್ತಾ ಅವರ ಕೈಗೆ ಕೊಟ್ಟಿರುತ್ತಿದ್ದೆ. ಆ ಯೋಚನೆಗೆ ಈಗಲೂ ಬೆವರುತ್ತೇನೆ.

ಉಮ್ಮ ಏನೂ ಅನ್ನಲಿಲ್ಲ. ತಮ್ಮನಿಗೆ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಅವನ ಚಾಯದಂಗಡಿಯ ಸಮಾವರ್, ಹಾಲಿನ ಕ್ಯಾನ್ ಸಮೇತ ಆಟೋದಲ್ಲಿ ಬಂತು. ಹೆಂಗಸರಿಗೆ ಮಾತ್ರ ಎಂದು ತಮ್ಮನನ್ನು ಬಾಗಿಲಲ್ಲೇ ತಡೆದೆವು. ಪಾಪ, ಮಳೆಯಲ್ಲಿ ನಿಂತೇ ಹೇಗೆ ಹಚ್ಚಬೇಕು ಎಂದು ಕಿಟಕಿಯಿಂದ ಹೇಳಿಕೊಟ್ಟ.

ಉಮ್ಮ ಒಂದು ಮೀಟರ್ ಎತ್ತರದಿಂದ ಚಾಯ ಸುರಿದರು. ಹುಡುಗಿಯರು ಕೇಕು, ಅಕ್ಕಿತರಿಯ ಉಂಡೆ ಕಡಂಬುಟ್ಟು ಬಿಟ್ಟು ಅದನ್ನೇ ನೋಡುತ್ತಾ ನಿಂತರು. ಅಷ್ಟರಲ್ಲಿ ಭಾಷಣಕ್ಕೆ ಎದ್ದ ಟೀಚರ್ "ಮಾನ್ಯರೇ" ಎಂದವರೇ ಕಿರುಚಿದರು. ಕಾಲಲ್ಲಿ ಜಿಗಣೆ. ಲೈನ್‌ಮನೆಯ ಅಕ್ಕ ಬಂದು ಚಿಟಿಕೆ ಉಪ್ಪು ಹಾಕಿ ಉದುರಿಸಿದರು. ಭಾಷಣವೂ ಅಲ್ಲಿಗೇ ಮುಗಿಯಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ನಾನು ತಂದಿದ್ದ ಎರಡು ಕಿಲೋ ಟೀಪುಡಿ ಹಾಗೇ ಉಳಿದು ಮನೆಗೆ ಬಂತು. ಯಜಮಾನರು ಈಗ ಬೆಳಗ್ಗೆ ಲೋಟ ಮೂಸಿ ನೋಡಿಯೇ ಬಾಯಿಗಿಡುವುದು.