ಅಫೀಮಿನ ಕತೆ 1949ಕ್ಕೆ ಶುರುವಾಗಿದ್ದಲ್ಲ

ಚೀನಾದ ಅಫೀಮಿನ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ 1949ರಲ್ಲಿ ಬಂದ ಮಾವೋ ಸರ್ಕಾರಕ್ಕಿಂತ ಮುಂಚೆ ಚೀನಾದಲ್ಲಿ ಯಾರೂ ಅಫೀಮಿನ ವಿರುದ್ಧ ಗಟ್ಟಿಯಾಗಿ ನಿಲ್ಲಲಿಲ್ಲ ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪೋದು ಕಷ್ಟ.

1839ರಲ್ಲಿ ಚೀನಾದ ಚಕ್ರವರ್ತಿ ಕಳಿಸಿದ ಅಧಿಕಾರಿ ಲಿನ್ ಝೆಶು, ದಕ್ಷಿಣ ಕರಾವಳಿಯ ಹೂಮೆನ್‌ನಲ್ಲಿ ಮಾಡಿದ್ದನ್ನೇ ನೋಡಿ. ವಿದೇಶಿ ವ್ಯಾಪಾರಿಗಳಿಂದ ವಶಪಡಿಸಿಕೊಂಡಿದ್ದು 20,000ಕ್ಕೂ ಜಾಸ್ತಿ ಪೆಟ್ಟಿಗೆ ಅಫೀಮು. ಸುಮ್ನೆ ಬೆಂಕಿ ಹಚ್ಚಿದರೆ ಕರಗಿದ ಅಫೀಮು ನೆಲಕ್ಕಿಳಿಯುತ್ತದೆ, ಚಟದವರು ಆ ಮಣ್ಣನ್ನೇ ಅಗೆದು ಒಯ್ಯುತ್ತಾರೆ. ಅದಕ್ಕೇ ದೊಡ್ಡ ಗುಂಡಿ ತೋಡಿಸಿ, ಉಪ್ಪುನೀರಲ್ಲಿ ನೆನೆಹಾಕಿಸಿ, ಮೇಲೆ ಸುಣ್ಣ ಸುರಿಸಿದ. ಕೊತಕೊತ ಕುದ್ದ ರಾಡಿಯನ್ನು ಸಮುದ್ರಕ್ಕೆ ಬಿಟ್ಟರು. ಮೂರು ವಾರಕ್ಕೂ ಮೇಲೆ ಹಿಡಿಯಿತು. ನೀರು ಗಲೀಜು ಮಾಡಿದ್ದಕ್ಕೆ ಸಮುದ್ರದೇವತೆಯ ಕ್ಷಮೆಯನ್ನೂ ಕೇಳಿದ, ಪಾಪ! ಸಿಕ್ಕಿದ್ದು ಮಾತ್ರ ಬ್ರಿಟನ್ ಜೊತೆ ಯುದ್ಧ, ಅವನಿಗೆ ಗಡಿಪಾರು.

ನೀವು ಪೂರ್ತಿ ಬಿಟ್ಟಿರುವುದು 1906ರ ಆಜ್ಞೆ. ಹತ್ತು ವರ್ಷದಲ್ಲಿ ಅಫೀಮು ಕೊಡುವ ಗಸಗಸೆ ಬೆಳೆ, ಅಫೀಮು ಸೇದುವುದು ಎರಡೂ ನಿಲ್ಲಬೇಕು ಅಂತ ಆಗ ಚೀನಾ ಆಳುತ್ತಿದ್ದ ಚಿಂಗ್ ರಾಜವಂಶದ ಸರ್ಕಾರ ಹೊರಡಿಸಿದ್ದು. ಮುಂದಿನ ವರ್ಷ ಬ್ರಿಟನ್ ಕೂಡ ಭಾರತದಿಂದ ಹೋಗುವ ಅಫೀಮನ್ನು ವರ್ಷಕ್ಕೆ ಹತ್ತನೇ ಒಂದು ಭಾಗ ಇಳಿಸಲು ಒಪ್ಪಿತು. ಎಷ್ಟೋ ಕಡೆ ಗಸಗಸೆ ಹೊಲ ನಿಜವಾಗಿಯೂ ಖಾಲಿಯಾದವು. ಕೆಡಿಸಿದ್ದು ಆಮೇಲೆ ಬಂದು ಒಂದೊಂದು ಪ್ರದೇಶ ಹಿಡಿದು ಆಳಿದ ಸೇನಾ ದಳಪತಿಗಳು. ಅವರಿಗೆ ಸೈನ್ಯ ಸಾಕಲು ದುಡ್ಡು ಬೇಕಿತ್ತು, ಅಫೀಮಿನ ತೆರಿಗೆ ಕೈಗೆ ಸಿಕ್ಕಿತು.

ಅಂದಹಾಗೆ, ಭಾರತದಿಂದ ಚೀನಾಕ್ಕೆ ಹೋಗುತ್ತಿದ್ದ ಅಫೀಮು ತಯಾರಾಗುತ್ತಿದ್ದ ಉತ್ತರ ಪ್ರದೇಶದ ಗಾಜೀಪುರದ ಕಾರ್ಖಾನೆಯಲ್ಲಿ ಇವತ್ತಿಗೂ ಅಫೀಮಿನ ಕೆಲಸ ನಡೆಯುತ್ತಿದೆ, ಔಷಧಿಗಾಗಿ. ಅದರ ಬಗ್ಗೆಯೂ ಒಂದು ಲೇಖನ ಬರೀರಿ.