ದೇವರಾಜ ಮಾರುಕಟ್ಟೆ: ಉಳಿಸಬೇಕೇ, ಕೆಡವಿ ಕಟ್ಟಬೇಕೇ?

ಪರ: ಗಾರೆ ಗೋಡೆಗೆ ಗಾರೆಯವರನ್ನೇ ಕರೆಯಿರಿ

ಮೈಸೂರಿನ ದೇವರಾಜ ಮಾರುಕಟ್ಟೆಯನ್ನು ಉಳಿಸಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ. ಹಳೆಯದರ ಮೇಲಿನ ಮೋಹಕ್ಕೆ ಸುಮ್ನೆ ಹೇಳುತ್ತಿಲ್ಲ. ಇಂಥ ಹಳೇ ಗಾರೆ ಗೋಡೆ ರಿಪೇರಿಯಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ನಮ್ಮದು ಅಗ್ರಹಾರದ ಹಳೇ ಮನೆ. ಇಟ್ಟಿಗೆ, ಸುಣ್ಣದ ಗಾರೆಯ ಗೋಡೆ, ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿ ಗಾರೆ ಹಾಕಿದ ಚಾವಣಿ. ಹದಿನೈದು ವರ್ಷದ ಹಿಂದೆ ಹಜಾರದ ಗೋಡೆ ಉದುರತೊಡಗಿತು. ನೋಡಲು ಬಂದ ಮೇಸ್ತ್ರಿ, "ಸುಣ್ಣ ಎಲ್ಲ ಯಾಕೆ ಸಾರ್, ಸಿಮೆಂಟ್ ಹೊಡೆದುಬಿಡೋಣ" ಅಂದರು. ಹೊಡೆದರು. ಸುಣ್ಣದ ಗೋಡೆ ಮಳೆಗೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಆ ತೇವ ಹೊರಗೆ ಬರುವುದಾದರೂ ಹೇಗೆ? ಎರಡೇ ಮಳೆಗಾಲ. ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆ ಇಟ್ಟಿಗೆಯೇ ಪುಡಿಯಾಗಿ ಸುರಿಯಿತು. ಅಮ್ಮ ಅದನ್ನು ಗುಡಿಸಿ ಮೊರಕ್ಕೆ ತುಂಬಿದ್ದು ಇನ್ನೂ ನನ್ನ ಕಣ್ಣಲ್ಲಿದೆ.

ಕೊನೆಗೆ ಚಿಕ್ಕಪ್ಪ ನಂಜನಗೂಡಿನ ಕಡೆಯ ಹಿರಿಯ ಗಾರೆಯವರೊಬ್ಬರನ್ನು ಕರೆತಂದರು. ಅವರು ಸಿಮೆಂಟನ್ನೆಲ್ಲ ಕೆತ್ತಿ ತೆಗೆಸಿದರು. ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿಸಿದರು. ಇಟ್ಟಿಗೆ ಪುಡಿ ಸೇರಿಸಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕಿ ಅರೆಸಿದರು. ಎರಡು ತಿಂಗಳು ಹಿಡಿಯಿತು. ಬೀದಿಯವರೆಲ್ಲ "ಇಷ್ಟು ಹೊತ್ತಾ?" ಎಂದು ಕೇಳುತ್ತಿದ್ದರು. ಆ ಗೋಡೆ ಇವತ್ತಿಗೂ ಒಂದು ಚೂರು ಉದುರಿಲ್ಲ.

ಮಾರುಕಟ್ಟೆಯದೂ ಅಂಥದ್ದೇ ಗೋಡೆ, ಅಂಥದ್ದೇ ತಾರಸಿ. ತಾರಸಿಯಲ್ಲಿ ಹುಟ್ಟಿದ ಗಿಡ ಕೀಳದೆ ಬಿಟ್ಟರೆ, ನೀರು ಹೋಗುವ ದಾರಿ ಕಟ್ಟಿಕೊಂಡರೆ ಯಾವ ಕಟ್ಟಡ ತಾನೇ ತಡೆಯುತ್ತದೆ? 2016ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದದ್ದು ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. 2012ರಲ್ಲಿ ಹತ್ತಿರದಲ್ಲೇ ಕುಸಿದ ಲ್ಯಾನ್ಸ್‌ಡೌನ್ ಕಟ್ಟಡದ ಮಾತು ಎತ್ತುತ್ತಾರೆ, ಗೊತ್ತು. ಅದು ಬೇರೆ ಕಟ್ಟಡ, ಅದರ ಕಥೆ ಬೇರೆ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ನೋಡಿ. 1927ರದ್ದು. 2012ರಲ್ಲಿ ಬೆಂಕಿ ಬಿತ್ತು. ಕೆಡವಲಿಲ್ಲ, ರಿಪೇರಿ ಮಾಡಿದರು. ವ್ಯಾಪಾರ ಮತ್ತೆ ಶುರುವಾಯಿತು.

ಇನ್ನು, ಕೆಡವಿ ಕಟ್ಟುವವರೆಗೆ 800ಕ್ಕೂ ಹೆಚ್ಚು ಅಂಗಡಿಯವರು ಎಲ್ಲಿಗೆ ಹೋಗಬೇಕು? ಮೈಸೂರು ಮಲ್ಲಿಗೆ ಸಂಜೆಯ ಹೊತ್ತಿಗೆ ಅರಳಿಬಿಡುತ್ತದೆ. ವೀಳ್ಯದೆಲೆ ಬಾಡುತ್ತದೆ. ಮಾರು ಹೂವು ಕೊಳ್ಳುವ ಗಿರಾಕಿ ಒಂದು ಸಲ ಬೇರೆ ಕಡೆ ಅಭ್ಯಾಸವಾದರೆ ಮತ್ತೆ ಬರುತ್ತಾರಾ? ಕಟ್ಟಡವನ್ನು ಹಾಗೇ ಕಟ್ಟಿಕೊಡಬಹುದು. ಮೂರು ತಲೆಮಾರಿನ ಗಿರಾಕಿಯನ್ನು ಯಾವ ಕಂಟ್ರಾಕ್ಟರ್ ತಂದುಕೊಡುತ್ತಾರೆ?

ಗಾರೆ ಕೆಲಸ ಬಲ್ಲವರು ಇನ್ನೂ ಇದ್ದಾರೆ. ನಮ್ಮ ಮನೆಗೆ ಬಂದವರ ಮಗ ಈಗ ಅದೇ ಕೆಲಸ ಮಾಡುತ್ತಿದ್ದಾರೆ. ಅಂಥವರ ಕೈಗೆ ಮಾರುಕಟ್ಟೆಯ ಒಂದೊಂದೇ ಸಾಲು ಒಪ್ಪಿಸಿ, ಉಳಿದ ಸಾಲುಗಳಲ್ಲಿ ವ್ಯಾಪಾರ ನಡೆಯಲಿ.

ವಿರೋಧ: ಆ ಸೂರಿನ ಕೆಳಗೆ ಕೂತವರನ್ನೂ ನೆನೆಯಿರಿ

ಕೆಡವಬೇಕು ಎನ್ನುವ ಕಡೆಯಿಂದ ಬರೆಯಿರಿ ಎಂದರು, ಒಪ್ಪಿದೆ. ನನಗೂ ಆ ಮಾರುಕಟ್ಟೆ ಎಂದರೆ ಪ್ರಾಣ. ಆದರೂ ಈ ಮಾತನ್ನು ಯಾರಾದರೂ ಹೇಳಬೇಕು ಅಲ್ವಾ?

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ದೇವರಾಜ ಮಾರುಕಟ್ಟೆ ಅಲ್ಲಿಂದ ಕೂಗಳತೆಯ ದೂರ. ನಾಲ್ಕು ವರ್ಷಕ್ಕೆ ಅದರದೂ ಒಂದು ಭಾಗ ಬಿತ್ತು. ಉಳಿಸಿ ಎನ್ನುವವರು ಬೆಳಿಗ್ಗೆ ಬರುತ್ತಾರೆ, ಕುಂಕುಮದ ರಾಶಿಯ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮಳೆ ಬಂದಾಗ ಬಕೆಟ್ ಇಡುವವರು ಅಂಗಡಿಯವರು.

ಹೊಸದಾಗಿ ಕಟ್ಟಿದರೆ ಊರಿನ ಕಳೆ ಹೋಗುತ್ತದೆ ಎನ್ನುತ್ತಾರೆ. ನಮ್ಮ ಅರಮನೆಯೇ ಹೊಸದು! ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಈಗಿನದು ಮುಗಿದದ್ದು 1912ರಲ್ಲಿ. ಇವತ್ತು ಮೈಸೂರು ಎಂದರೆ ಅದೇ ಕಣ್ಣಿಗೆ ಬರುತ್ತದೆ.

ನನ್ನ ಸೋದರಮಾವನ ಬಾಳೆಹಣ್ಣಿನ ಅಂಗಡಿ ಅಲ್ಲೇ ಇತ್ತು. 2016ರ ಕುಸಿತದ ಮೇಲೆ ಅತ್ತೆಗೆ ನಿದ್ದೆಯಿಲ್ಲ. ಮೋಡ ಕಟ್ಟಿದರೆ ಸಾಕು, "ಎದ್ದು ಬಂದುಬಿಡಿ" ಎಂದು ಫೋನ್ ಮಾಡುತ್ತಿದ್ದರು. ಮಾವ ರಸಬಾಳೆ ಗೊನೆ ಬಿಟ್ಟು ಏಳುತ್ತಿರಲಿಲ್ಲ. "ನೆತ್ತಿ ಮೇಲೆ ತೊಲೆ, ಮುಂದೆ ಗಿರಾಕಿ, ನಾನು ಯಾವುದನ್ನು ನೋಡಲಿ?" ಎನ್ನುತ್ತಿದ್ದರು.

ಹಾಗಂತ ಅಲ್ಲಿ ಮಾಲ್ ಎಬ್ಬಿಸುವುದಾದರೆ ನನ್ನ ಒಪ್ಪಿಗೆ ಇಲ್ಲ. ಅದೇ ಎತ್ತರ, ಅದೇ ಸಾಲು ಇರಬೇಕು. ಅದೇ ಅಂಗಡಿಯವರಿಗೆ ಜಾಗ ಸಿಗುತ್ತದೆಂದು ಬರೆದುಕೊಡಬೇಕು. ಇಷ್ಟು ಇಲ್ಲದಿದ್ದರೆ ನಾನೂ ಕೆಡವಿ ಎನ್ನಲಾರೆ.